ಕಾಟಾದಷ್ಟೇ ಮುಖ್ಯ ಟಾಕಿಯ ಲೆಕ್ಕ

ಹಂಗಾಮ ಶುರುವಾಯಿತೆಂದರೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ, ಜತ್ತ ತಾಲೂಕುಗಳ ಕನ್ನಡ ಊರುಗಳಲ್ಲಿ ಕಟ್ಟೆಯ ಮೇಲೆ ಎರಡೇ ಮಾತು. ಒಂದು ಕಾಟಾ, ಇನ್ನೊಂದು ಉತಾರಾ. ಗಾಡಿ ಎಷ್ಟು ತೂಗಿತು, ಸಕ್ಕರೆ ಇಳುವರಿ ಎಷ್ಟು ತೋರಿಸಿದರು. ಈ ಎರಡು ವಿಷಯದಲ್ಲಿ ಗಡಿಭಾಗದ ರೈತನನ್ನು ಸುಲಭಕ್ಕೆ ಯಾಮಾರಿಸಲು ಆಗುವುದಿಲ್ಲ. ಸಂಶಯ ಬಂದರೆ ಟ್ರ್ಯಾಕ್ಟರನ್ನು ಮೊದಲು ಹೊರಗಿನ ಕಾಟಾದ ಮೇಲೆ ಹತ್ತಿಸಿ, ಚೀಟಿ ಜೇಬಿನಲ್ಲಿಟ್ಟುಕೊಂಡೇ ಕಾರಖಾನೆಯ ಗೇಟು ದಾಟುವವರಿದ್ದಾರೆ.

ಆದರೆ ಉತಾರಾ ಏರುವ, ಇಳಿಯುವ ಮೂರನೆಯ ಜಾಗವೊಂದಿದೆ. ಕಾರಖಾನೆಯ ಹಿಂಬದಿಯಲ್ಲಿ ಸಾಲಾಗಿ ನಿಂತ, ಹತ್ತಿರ ಹೋದರೆ ಹುಳಿ ವಾಸನೆ ಬಡಿಯುವ ದೊಡ್ಡ ಸ್ಟೀಲ್ ಟಾಕಿಗಳು. ಅವುಗಳ ಪಕ್ಕದಲ್ಲಿ ಮೂರ್ನಾಲ್ಕು ಮಾಳಿಗೆ ಎತ್ತರದ ಕೊಳವೆ ಗೋಪುರಗಳು. ಎಥೆನಾಲ್ ತಯಾರಾಗುವುದು ಅಲ್ಲಿ. ಆ ಕಡೆಗೆ ರೈತರು ಹೋಗುವುದಿಲ್ಲ, ಹೋದರೂ ಒಳಗೆ ಬಿಡುವುದಿಲ್ಲ. ಬೆಂಕಿಯ ಅಪಾಯ ಇರುವುದರಿಂದ ಬಿಡದಿರುವುದೂ ಸರಿಯೇ. ಅಲ್ಲಿನ ಲೆಕ್ಕವನ್ನೂ ಹೊರಗೆ ಬಿಡದಿರುವುದು ಮಾತ್ರ ಸರಿಯಲ್ಲ. ಯಾಕೆಂದರೆ ಆ ಲೆಕ್ಕ ಈಗ ನೇರವಾಗಿ ಕಬ್ಬಿನ ಬಿಲ್ಲಿಗೆ ಬಂದು ಕೂತಿದೆ.

ಮೊದಲು ಹೀಗಿರಲಿಲ್ಲ. ಕಬ್ಬು ಅರೆದು ಸಕ್ಕರೆ ತೆಗೆದು, ಇನ್ನು ಹರಳುಗಟ್ಟಲಾರದೆ ಉಳಿದ ಕಪ್ಪು ಪಾಕ, ಅಂದರೆ ಕಾಕಂಬಿಯನ್ನು ಡಿಸ್ಟಿಲರಿಗೆ ಕೊಡುವುದಷ್ಟೇ ಇತ್ತು. ಸಕ್ಕರೆ ಗೋದಾಮಿನಲ್ಲಿ ಬಿದ್ದು ಬಿಲ್ಲುಗಳು ಬಾಕಿ ಉಳಿದ ಕಾಲಕ್ಕೆ, 2018ರಲ್ಲಿ ಕೇಂದ್ರ ಸರ್ಕಾರ ದಾರಿ ಬದಲಿಸಿತು. ಸಕ್ಕರೆ ಇನ್ನೂ ಸಾಕಷ್ಟು ಉಳಿದಿರುವ ಬಿ-ಹೆವಿ ಕಾಕಂಬಿಯಿಂದ, ಅಷ್ಟೇ ಅಲ್ಲ ನೇರವಾಗಿ ಕಬ್ಬಿನ ರಸದಿಂದಲೂ ಎಥೆನಾಲ್ ಮಾಡಬಹುದು ಎಂದಿತು. ಆಗ ಒಂದು ಪ್ರಶ್ನೆ ಎದ್ದಿತು. ಸಕ್ಕರೆಯನ್ನೇ ತೆಗೆಯದೆ ರಸವನ್ನು ಟಾಕಿಗೆ ಬಿಟ್ಟರೆ ಆ ಕಬ್ಬಿನ ಉತಾರಾ ಎಷ್ಟೆಂದು ಹಿಡಿಯುವುದು? ಉತಾರಾ ಕಡಿಮೆಯಾದರೆ ಎಫ್‌ಆರ್‌ಪಿ ಕಡಿಮೆ. ರೈತ ಏನು ಪಾಪ ಮಾಡಿದ?

ಅದಕ್ಕೆ ಅದೇ ವರ್ಷ ಕಬ್ಬು ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ಬಂತು. ರಸದಿಂದ ಅಥವಾ ಬಿ-ಹೆವಿಯಿಂದ ತಯಾರಾದ ಪ್ರತಿ 600 ಲೀಟರ್ ಎಥೆನಾಲನ್ನು 1 ಟನ್ ಸಕ್ಕರೆಗೆ ಸಮ ಎಂದು ಹಿಡಿದು ಉತಾರಾ ಕಟ್ಟಬೇಕು. ನೋಡಲು ಒಂದು ಸಾಲಿನ ನಿಯಮ. ಅದರೊಳಗೆ ಒಂದು ಇಡೀ ಶಾಸ್ತ್ರ ಅಡಗಿದೆ.

1 ಟನ್ ಸಕ್ಕರೆ ಪೂರ್ತಿ ಮದ್ಯಸಾರವಾದರೆ ರಸಾಯನಶಾಸ್ತ್ರದ ಪ್ರಕಾರ ಸುಮಾರು 680 ಲೀಟರ್ ಬರಬೇಕು. ಅದಕ್ಕಿಂತ ಒಂದು ಲೋಟ ಹೆಚ್ಚು ತೆಗೆಯಲು ಬ್ರಹ್ಮನಿಂದಲೂ ಆಗದು. ಗ್ಲುಕೋಸ್ ಒಡೆದಾಗ ನೂರು ಕಿಲೋದಲ್ಲಿ 51 ಕಿಲೋ ಮದ್ಯಸಾರವಾಗುತ್ತದೆ, 49 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅಂದರೆ 600 ಎಂಬ ಅಂಕಿ ಬರೆದವರು ಟಾಕಿ, ಗೋಪುರ ಎಲ್ಲ ಸೇರಿ ನೂರಕ್ಕೆ 88ರಷ್ಟು ಕೆಲಸ ಮಾಡುತ್ತವೆ ಎಂದು ಹಿಡಿದಂತಾಯಿತು. ಚೆನ್ನಾಗಿ ನಡೆಸುವ ಕಾರಖಾನೆಗೆ ಅದು ಸಾಧ್ಯವೇ. ನಡೆಸಲು ಬಾರದವರ ಕೈಯಲ್ಲಿ ಏನಾಗುತ್ತದೆ?

ಒಂದು ಸಾದಾ ಲೆಕ್ಕ ಹಾಕಿ ನೋಡಬಹುದು. ಒಂದೇ ಹೊಲದ, ಒಂದೇ ತಳಿಯ ಕಬ್ಬು ಎರಡು ಕಾರಖಾನೆಗೆ ಹೋಯಿತು ಅನ್ನಿ. ಎರಡೂ ಕಡೆ ರಸ ಟಾಕಿಗೆ ಹೋಯಿತು. ಒಂದು ಕಡೆ ಟನ್ನಿಗೆ 66 ಲೀಟರ್ ಬಂತು, ಇನ್ನೊಂದು ಕಡೆ 60. ನಿಯಮದ ಪ್ರಕಾರ ಮೊದಲನೆಯದರ ಉತಾರಾ ಶೇ 11, ಎರಡನೆಯದರದ್ದು ಶೇ 10. 2025-26ರ ಹಂಗಾಮಿಗೆ ಎಫ್‌ಆರ್‌ಪಿ ಶೇ 10.25 ಉತಾರಾಕ್ಕೆ ಕ್ವಿಂಟಲಿಗೆ ₹355 ಇತ್ತು. ಅದರ ಮೇಲೆ-ಕೆಳಗೆ ಪ್ರತಿ 0.1ಕ್ಕೆ ₹3.46 ಏರಿಳಿತ, ಶೇ 9.5ಕ್ಕಿಂತ ಕೆಳಗಿದ್ದರೂ ₹329.05ಕ್ಕಿಂತ ಕೆಳಗೆ ಇಳಿಸುವಂತಿರಲಿಲ್ಲ. ಪೂರ್ತಿ ಒಂದು ಅಂಶದ ಅಂತರವೆಂದರೆ ಟನ್ನಿಗೆ ₹346. ಎಕರೆಗೆ 40 ಟನ್ ತೆಗೆದವನಿಗೆ ₹13,840. ಕಬ್ಬು ಅದೇ, ನೀರು ಅದೇ, ಬೆವರು ಅದೇ. ಎಡವಿದ್ದು ಟಾಕಿ, ಬಿದ್ದದ್ದು ರೈತನ ಬಿಲ್ಲು.

ಎಲ್ಲ ಕಬ್ಬೂ ರಸದ ದಾರಿ ಹಿಡಿಯುವುದಿಲ್ಲ, ಹಂಗಾಗಿ ಇಡೀ ಕಾರಖಾನೆಯ ಸರಾಸರಿಯಲ್ಲಿ ಇಷ್ಟು ದೊಡ್ಡ ಅಂತರ ಬೀಳದು. ಎಫ್‌ಆರ್‌ಪಿಗೆ ಹಿಂದಿನ ಹಂಗಾಮಿನ ಉತಾರಾ ಹಿಡಿಯುವುದರಿಂದ ಪೆಟ್ಟು ಗೊತ್ತಾಗುವುದೂ ಒಂದು ವರ್ಷ ತಡವಾಗಿ. ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ, ದೂರು ಮಳೆಯ ಮೇಲೆ ಹೋಗುತ್ತದೆ.

ಹಾಗಾದರೆ ಟಾಕಿಯೊಳಗೆ ಕೆಡುವುದು ಏನು? ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿಟ್ಟ ಮನೆಯವರಿಗೆ ಅರ್ಧ ಗೊತ್ತಿದೆ. ಹಿಟ್ಟು ಉಬ್ಬುವುದೂ ಸೂಕ್ಷ್ಮಜೀವಿಗಳ ಕೆಲಸ, ಅತಿಯಾಗಿ ಹುಳಿ ಹೊಡೆಯುವುದೂ ಅವುಗಳದ್ದೇ. ಟಾಕಿಯಲ್ಲಿ ದುಡಿಯುವುದು ಯೀಸ್ಟ್. ಅದು ಮೊದಲು ಸಕ್ಕರೆಯನ್ನು ಗ್ಲುಕೋಸ್, ಫ್ರುಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ, ಆಮೇಲೆ ಅವನ್ನು ಮದ್ಯಸಾರ ಮಾಡುತ್ತದೆ. ತಾನು ಬೆಳೆಯಲಿಕ್ಕೂ ಒಂದಿಷ್ಟು ತಿನ್ನುತ್ತದೆ, ಅದು ಕೂಲಿ ಎನ್ನಬಹುದು. ಕೂಲಿ ಹೆಚ್ಚಾದರೆ ಮಾಲು ಕಡಿಮೆ. ಆದ್ದರಿಂದ ಶುರುವಿನಲ್ಲಿ ಸ್ವಲ್ಪ ಗಾಳಿ ಕೊಟ್ಟು ಯೀಸ್ಟ್ ಬೆಳೆಸಿ, ಆಮೇಲೆ ಗಾಳಿ ಸಿಗದಂತೆ ದುಡಿಸುವುದು ಕಸುಬುದಾರರ ರೀತಿ.

ಯೀಸ್ಟಿಗೆ 32 ಡಿಗ್ರಿಯ ಆಸುಪಾಸು ಹಿತ. ದುಡಿಯುವಾಗ ಅದೇ ಶಾಖ ಬಿಡುತ್ತದೆ, ಟಾಕಿಯನ್ನು ಹಗಲೂ ರಾತ್ರಿ ತಂಪು ಮಾಡುತ್ತಲೇ ಇರಬೇಕು. ಸೊಲ್ಲಾಪುರದ ಏಪ್ರಿಲ್ ಬಿಸಿಲು ಯಾರಿಗೆ ಗೊತ್ತಿಲ್ಲ? ಹೊರಗೆ 42 ಇದ್ದಾಗ ಕೂಲಿಂಗ್ ಟವರಿನ ನೀರೂ ಬೆಚ್ಚಗಾಗುತ್ತದೆ. ಟಾಕಿ 37-38ಕ್ಕೆ ಏರಿದರೆ ಯೀಸ್ಟ್ ಸುಸ್ತು, ಅದೇ ಬಿಸಿಯಲ್ಲಿ ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಅದೇ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ, ವಿನೆಗರ್ ಆಮ್ಲ ಮಾಡುತ್ತವೆ, ಆ ಹುಳಿಯಿಂದ ಯೀಸ್ಟ್ ಇನ್ನಷ್ಟು ಸೋಲುತ್ತದೆ. ಒಂದೊಂದೇ ಟಾಕಿ ತುಂಬಿ ಖಾಲಿ ಮಾಡುವ ಪದ್ಧತಿಯಲ್ಲಾದರೆ ಕೆಟ್ಟದ್ದು ಒಂದು ಟಾಕಿಗೆ ಮುಗಿಯುತ್ತದೆ, ತೊಳೆದು ಹೊಸದಾಗಿ ಶುರು ಮಾಡಬಹುದು. ಒಂದರಿಂದ ಇನ್ನೊಂದಕ್ಕೆ ಸತತ ಹರಿಯುವ ಪದ್ಧತಿಯಲ್ಲಿ ಉತ್ಪಾದನೆ ಜಾಸ್ತಿ, ಆದರೆ ಸೋಂಕು ಹೊಕ್ಕರೆ ಸಾಲಿಗೆ ಸಾಲೇ ಹೋಯಿತು. ಯಾವ ಪದ್ಧತಿ ಮೇಲು ಎಂಬುದು ತಂತ್ರಜ್ಞರ ಜಗಳ. ತೊಳೆಯುವ ಶಿಸ್ತು, ತಂಪಿನ ವ್ಯವಸ್ಥೆ, ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕ ನೋಡುವ ಹುಡುಗನಿಗೆ ಸರಿಯಾದ ಪಗಾರ, ಇಷ್ಟಿದ್ದರೆ ಎರಡೂ ನಡೆಯುತ್ತವೆ. ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದು ಇಂಥ ಕಡೆಗೇ ಎಂಬುದು ಬೇಸರದ ಮಾತು.

ಕಾಕಂಬಿಯದ್ದು ಬೇರೆ ಕಥೆ. ಹಂಗಾಮ ಮುಗಿದ ಮೇಲೂ ಡಿಸ್ಟಿಲರಿ ನಡೆಯಲಿ ಎಂದು ಅದನ್ನು ಬಯಲ ಟ್ಯಾಂಕಿನಲ್ಲಿ ತುಂಬಿಡುತ್ತಾರೆ. ಬಿಸಿಲಿಗೆ ಅದು ತಾನಾಗಿಯೇ ಕಾದು, ಒಳಗಿನ ಸಕ್ಕರೆ ಕರಗುತ್ತಾ ಹೋಗುತ್ತದೆ. ಮಾರ್ಚ್‌ನ ಒಂದು ಟನ್ ಕಾಕಂಬಿ ಜೂನ್‌ನಲ್ಲೂ ತೂಕಕ್ಕೆ ಒಂದು ಟನ್ನೇ, ಲೀಟರಿನಲ್ಲಿ ಅಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಕಡಿದ ಕಬ್ಬು ನಾಲ್ಕು ದಿನ ಗಾಡಿಯಲ್ಲಿ ಒಣಗಿದರೆ ಅದರ ಸಕ್ಕರೆ ತಾನೇ ಗ್ಲುಕೋಸ್-ಫ್ರುಕ್ಟೋಸ್ ಆಗಿ ಒಡೆಯುತ್ತದೆ. ಹಾಗೆ ಒಡೆದದ್ದು ಹರಳುಗಟ್ಟದು, ಸಕ್ಕರೆ ಮಾಡುವವನಿಗೆ ನಷ್ಟ ನಿಜ. ಆದರೆ ಟಾಕಿಗೆ ಅದು ನಷ್ಟವೇ ಅಲ್ಲ, ಯೀಸ್ಟ್ ಮಾಡಬೇಕಿದ್ದ ಮೊದಲ ಕೆಲಸ ಆಗಲೇ ಆಗಿರುತ್ತದೆ. ಬ್ಯಾಕ್ಟೀರಿಯಾ ತಿಂದ ಪಾಲಷ್ಟೇ ಹೋದದ್ದು. ಒಣಗಿದ ಕಬ್ಬೆಂದು ಕಡಿತ ಹಾಕುವವರು ಆ ಕಬ್ಬಿನ ರಸ ಎತ್ತ ಹೋಯಿತು, ಸಕ್ಕರೆ ಮನೆಗೋ ಟಾಕಿಗೋ ಎಂಬುದನ್ನೂ ಹೇಳಲಿ.

ಇನ್ನು ಬೇರ್ಪಡಿಸುವ ಕೆಲಸ. ನಿಜವಾದ ಖರ್ಚು, ನಿಜವಾದ ಹೊಲಸು ಎರಡೂ ಇರುವುದು ಇಲ್ಲಿ. ಯೀಸ್ಟ್ ತಾನು ಮಾಡಿದ ಮದ್ಯಸಾರದಲ್ಲೇ ಕೊನೆಗೆ ಉಸಿರು ಕಟ್ಟುತ್ತದೆ. ನೂರು ಲೀಟರಿನಲ್ಲಿ ಹತ್ತು-ಹನ್ನೆರಡು ಲೀಟರ್ ಆಯಿತೆಂದರೆ ಮುಂದೆ ಸಾಗದು. ಉಳಿದ ಹೆಚ್ಚೂಕಡಿಮೆ ತೊಂಬತ್ತು ಲೀಟರ್ ನೀರು, ಸತ್ತ ಯೀಸ್ಟ್, ಲವಣ, ಬಣ್ಣ. ಮದ್ಯಸಾರ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಈ ಅಂತರ ಹಿಡಿದುಕೊಂಡು ಗೋಪುರದಲ್ಲಿ ಹಬೆ ಮಾಡಿ, ತಟ್ಟೆ ತಟ್ಟೆಯಲ್ಲೂ ಮತ್ತೆ ತಣಿಸಿ ಮತ್ತೆ ಹಬೆ ಮಾಡಿ ಮೇಲಕ್ಕೆ ಒಯ್ಯುತ್ತಾರೆ. ಈ ಹಬೆಗೆ ಉರಿಯುವುದು ರೈತನ ಕಬ್ಬಿನ ಸಿಪ್ಪೆಯೇ.

ಆದರೆ ಶೇ 95ರ ಸುಮಾರಿಗೆ ಬಂದು ಗೋಪುರ ಕೈಚೆಲ್ಲುತ್ತದೆ. ಅಲ್ಲಿಂದ ಮುಂದೆ ನೀರು-ಮದ್ಯಸಾರ ಒಟ್ಟೊಟ್ಟಿಗೇ ಕುದಿಯುತ್ತವೆ, ಎಷ್ಟು ಕುದಿಸಿದರೂ ಬೇರೆಯಾಗವು. ಪೆಟ್ರೋಲಿಗೆ ಬೆರೆಸಲು ಶೇ 99.5ಕ್ಕೂ ಮೇಲಿನದ್ದು ಬೇಕು, ನೀರು ಉಳಿದರೆ ಗಾಡಿಯ ಟ್ಯಾಂಕಿನಲ್ಲಿ ಅದು ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತದೆ. ಅದಕ್ಕೆ ಉಪಾಯ ಒಂದು ಬಗೆಯ ಜರಡಿ. ಜಿಯೋಲೈಟ್ ಎಂಬ ಖನಿಜದ ಗುಂಡುಗಳು, ಅವುಗಳ ರಂಧ್ರ 3 ಆಂಗ್‌ಸ್ಟ್ರಾಮ್, ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ನೀರಿನ ಅಣು ಅದರಲ್ಲಿ ನುಸುಳುತ್ತದೆ, ಮದ್ಯಸಾರದ ಅಣು ದಪ್ಪ, ನುಸುಳದು. ನೀರು ಗುಂಡಿನೊಳಗೆ ಸಿಕ್ಕಿಬೀಳುತ್ತದೆ, ಒಣ ಮದ್ಯಸಾರ ಆಚೆ ಹೋಗುತ್ತದೆ. ಮನೆಯ ಜರಡಿಗಿಂತ ತಿರುಗುಮುರುಗು, ಆದರೆ ಜರಡಿಯೇ. ಗುಂಡುಗಳು ತುಂಬಿದಾಗ ಪಕ್ಕದ ಪಾತ್ರೆಗೆ ಹಬೆ ತಿರುಗಿಸಿ, ಇದನ್ನು ನಿರ್ವಾತದಲ್ಲಿ ಒಣಗಿಸುತ್ತಾರೆ. ಹಗಲಿರುಳು ಹೀಗೆ ಪಾಳಿ.

ಕಾರಖಾನೆಯವರ ವಾದಕ್ಕೆ ಬಲ ಇರುವುದೂ ಇಲ್ಲಿಯೇ. ಟಾಕಿ, ಗೋಪುರ, ಜರಡಿ, ಬಾಯ್ಲರ್ ಎಲ್ಲಕ್ಕೂ ಸಾಲ ತಂದಿದ್ದಾರೆ, ಬಡ್ಡಿ ಕಟ್ಟುತ್ತಾರೆ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕೊರತೆಯ ಭಯದಿಂದ ಕೇಂದ್ರ ಸರ್ಕಾರ ಒಂದೇ ಆದೇಶದಲ್ಲಿ ರಸದಿಂದ ಎಥೆನಾಲ್ ಮಾಡುವುದನ್ನು ತಡೆದಾಗ ಯಂತ್ರ ನಿಂತವು, ಬಡ್ಡಿ ನಿಲ್ಲಲಿಲ್ಲ. ತಡೆ ತೆಗೆದದ್ದು 2024ರ ಆಗಸ್ಟ್‌ನಲ್ಲಿ. ಇದನ್ನು ಅಲ್ಲಗಳೆದು ಎಥೆನಾಲಿನ ಪೂರ್ತಿ ದುಡ್ಡು ರೈತನಿಗೇ ಸೇರಬೇಕು ಎನ್ನುವುದು ಭಾಷಣಕ್ಕೆ ಚೆಂದ, ಖಾತೆಗೆ ಕೂಡದು.

ಆದರೆ ಖಾತೆಯ ಮಾತು ಬಂದಾಗ ಖಾತೆಯನ್ನೇ ತೆರೆಯಬೇಕಾಗುತ್ತದೆ. ರಂಗರಾಜನ್ ಸಮಿತಿ 2012ರಲ್ಲಿ ಹೇಳಿದ ಸೂತ್ರವನ್ನು ಮಹಾರಾಷ್ಟ್ರ 2013ರಲ್ಲಿ ಕಾಯ್ದೆ ಮಾಡಿತು. ಸಕ್ಕರೆ ಮತ್ತು ಮೊದಲ ಹಂತದ ಉಪಉತ್ಪನ್ನಗಳಾದ ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್ ಇವುಗಳ ಬೆಲೆಯಲ್ಲಿ ಶೇ 70 ರೈತನಿಗೆ. ಕಾಕಂಬಿಗೆ ಗೆರೆ ನಿಂತಿತು, ಎಥೆನಾಲ್ ಗೆರೆಯ ಆಚೆ. ಸರಿ, ಹಾಗಾದರೆ ಕಾಕಂಬಿಯ ಬೆಲೆ ಎಷ್ಟೆಂದು ಯಾರು ಹೇಳಬೇಕು? ಕಾರಖಾನೆಯ ಸಕ್ಕರೆ ವಿಭಾಗ ಅದೇ ಕಾರಖಾನೆಯ ಡಿಸ್ಟಿಲರಿಗೆ ಕಾಕಂಬಿ ಕೊಡುತ್ತದೆ. ಎಡ ಜೇಬಿನಿಂದ ಬಲ ಜೇಬಿಗೆ. ಎಡ ಜೇಬಿನಲ್ಲಿ ರೈತನ ಪಾಲಿದೆ, ಬಲ ಜೇಬಿನಲ್ಲಿ ಇಲ್ಲ. ಕಾಕಂಬಿಯ ದರವನ್ನು ಒಂದಿಷ್ಟು ಕೆಳಗೆ ಬರೆದರೆ ಯಾರ ಪಾಲು ಕರಗಿತು ಎಂದು ತಿಳಿಯಲು ಲೆಕ್ಕಪರಿಶೋಧಕರೇ ಬೇಕಿಲ್ಲ.

ಇದಕ್ಕೆ ಮದ್ದು ಇದೆ. ಕಾಕಂಬಿಯನ್ನು ಬರೇ ಟನ್ನಿನಲ್ಲಿ ಅಲ್ಲ, ಅದರಲ್ಲಿ ಹುದುಗಬಲ್ಲ ಸಕ್ಕರೆ ಎಷ್ಟಿದೆ ಎಂಬುದರ ಮೇಲೆ ಬೆಲೆ ಕಟ್ಟಬೇಕು. ಕೊನೆಯ ಹಂತದ ಸಿ-ಹೆವಿಯ ಒಂದು ಟನ್ನಿನಿಂದ ಸುಮಾರು 225 ಲೀಟರ್ ಬರುತ್ತದೆ, ಬಿ-ಹೆವಿಯಿಂದ 300ರ ಆಸುಪಾಸು. 2022-23ರ ಎಥೆನಾಲ್ ವರ್ಷದಲ್ಲಿ ತೈಲ ಕಂಪನಿಗಳು ಕೊಟ್ಟ ದರ ಸಿ-ಹೆವಿಯದಕ್ಕೆ ಲೀಟರಿಗೆ ₹49.41, ಬಿ-ಹೆವಿಯದಕ್ಕೆ ₹60.73, ರಸದ್ದಕ್ಕೆ ₹65.61. ಹೆಸರು ಎರಡಕ್ಕೂ ಕಾಕಂಬಿಯೇ. ಆದರೆ ಒಂದು ಟನ್ ಬಿ-ಹೆವಿಯಿಂದ ಬರುವ ದುಡ್ಡು ಸಿ-ಹೆವಿಯ ಒಂದೂವರೆ ಪಟ್ಟಿಗೂ ಮೇಲೆ. ವಾರ್ಷಿಕ ಅಹವಾಲಿನಲ್ಲಿ 'ಮೊಲ್ಯಾಸಿಸ್' ಎಂದು ಒಂದೇ ಸಾಲು ಬರೆದು ಮುಗಿಸುವುದು ಯಾವ ನ್ಯಾಯ?

ಕೊನೆಗೆ ಉಳಿಯುವುದು ಗೋಪುರದ ತಳದಿಂದ ಬರುವ ಕಂದು ನೀರು, ಸ್ಪೆಂಟ್ ವಾಶ್. ಕಾಕಂಬಿ ಡಿಸ್ಟಿಲರಿಯಲ್ಲಿ ಒಂದು ಲೀಟರ್ ಮದ್ಯಸಾರಕ್ಕೆ ಇದು ಸುಮಾರು 8ರಿಂದ 15 ಲೀಟರ್. ಟಾಕಿಯಲ್ಲಿ ಮದ್ಯಸಾರದ ಅಂಶ ಕಡಿಮೆಯಾದಷ್ಟೂ ಈ ನೀರು ಹೆಚ್ಚು. ಕೆಟ್ಟ ಟಾಕಿ ಹೀಗೆ ಎರಡು ಸಲ ಹೊಡೆಯುತ್ತದೆ, ಒಮ್ಮೆ ಬಿಲ್ಲಿಗೆ, ಇನ್ನೊಮ್ಮೆ ಹಳ್ಳಕ್ಕೆ. ಇದನ್ನು ಹೊರಗೆ ಬಿಟ್ಟರೆ ನೀರಿನಲ್ಲಿ ಕರಗಿದ ಆಮ್ಲಜನಕ ತೀರಿ ಮೀನು ಸಾಯುತ್ತವೆ, ಬಾವಿಯ ನೀರಿಗೆ ಚಹದ ಬಣ್ಣ ಬರುತ್ತದೆ. ಡಿಸ್ಟಿಲರಿಗಳು ಹನಿಯೂ ಹೊರಗೆ ಬಿಡಬಾರದು ಎಂಬ ಗುರಿ 2003ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿದ್ದು. ಗ್ಯಾಸ್ ತೆಗೆಯಬೇಕು, ಭಟ್ಟಿಗಳಲ್ಲಿ ನೀರು ಇಂಗಿಸಬೇಕು, ಉಳಿದ ರಾಡಿಯನ್ನು ಬಾಯ್ಲರಿನಲ್ಲಿ ಸುಡಬೇಕು ಅಥವಾ ಪ್ರೆಸ್‌ಮಡ್ ಜತೆ ಗೊಬ್ಬರ ಮಾಡಬೇಕು. ಮಾಡುವವರು ಮಾಡುತ್ತಾರೆ. ಮಾಡದವರು ಮೊದಲ ಮಳೆಯ ರಾತ್ರಿಗೆ ಕಾಯುತ್ತಾರೆ ಎಂಬ ಗುಮಾನಿ ಹಳ್ಳದ ದಂಡೆಯ ಊರುಗಳಲ್ಲಿ ಇಂದಿಗೂ ಹೋಗಿಲ್ಲ.

ರಾಡಿ ಸುಟ್ಟರೆ ಬರುವ ಬೂದಿಯಲ್ಲಿ ಪೊಟ್ಯಾಶ್ ಇದೆ. ಬೇರೆ ಎಲ್ಲಿಂದಲೂ ಬಂದದ್ದಲ್ಲ, ಕಬ್ಬು ಹೊಲದ ಮಣ್ಣಿನಿಂದ ಹೀರಿದ್ದು. ಅದನ್ನು ಶೇ 14.5 ಪೊಟ್ಯಾಶ್ ಇರುವ ಪಿಡಿಎಂ ಎಂಬ ಗೊಬ್ಬರವಾಗಿ ಮಾರಬಹುದು. 2024ರ ಜನವರಿಯಲ್ಲಿ ಕಾರಖಾನೆಗಳು ಗೊಬ್ಬರ ಕಂಪನಿಗಳಿಗೆ ಕೊಡುವ ದರ ಟನ್ನಿಗೆ ₹4,263 ಎಂದು ಒಪ್ಪಿಗೆಯಾಯಿತು, ಮೇಲೆ ಟನ್ನಿಗೆ ₹345 ಸಹಾಯಧನ. ಅಂದರೆ 50 ಕಿಲೋದ ಚೀಲಕ್ಕೆ ₹213. ಪರದೇಶದಿಂದ ಬರುವ ಪೊಟ್ಯಾಶ್ ಚೀಲಕ್ಕೆ ಸಾಲಿನಲ್ಲಿ ನಿಲ್ಲುವ ಸಭಾಸದರಿಗೆ, ಅವರದೇ ಹೊಲದಿಂದ ಹೋದ ಪೊಟ್ಯಾಶನ್ನು ಆ ದರಕ್ಕೆ ಮೊದಲು ಕೊಟ್ಟು ಉಳಿದದ್ದನ್ನು ಕಂಪನಿಗೆ ಮಾರಿದರೆ ಕಾರಖಾನೆಯ ಗಂಟೇನು ಹೋಗುತ್ತದೆ?

ಬೇಡಿಕೆ ದೊಡ್ಡದಲ್ಲ. ಕಾಟಾದ ಪಕ್ಕದಲ್ಲಿ ಒಂದು ಹಲಗೆ. ವಾರಕ್ಕೊಮ್ಮೆ ನಾಲ್ಕು ಅಂಕಿ: ಟಾಕಿಗೆ ಹೋದ ಸಕ್ಕರೆ ಎಷ್ಟು ಟನ್, ಬಂದ ಎಥೆನಾಲ್ ಎಷ್ಟು ಲೀಟರ್, ಟನ್ ಸಕ್ಕರೆಗೆ ಲೀಟರ್ 600ರ ಮೇಲೋ ಕೆಳಗೋ, ಹೊರಬಂದ ಸ್ಪೆಂಟ್ ವಾಶ್ ಎಷ್ಟು, ಎಲ್ಲಿ ಹೋಯಿತು. ಈ ಅಂಕಿಗಳು ಕಾರಖಾನೆಯ ಕೆಮಿಸ್ಟರ ಮೇಜಿನ ಮೇಲೆ ದಿನಾ ಬರುವಂಥವೇ, ಹೊಸದಾಗಿ ಅಳೆಯಬೇಕಿಲ್ಲ. 600ಕ್ಕಿಂತ ಕಡಿಮೆಯಾದ ವಾರದ ನಷ್ಟವನ್ನು ಕಾರಖಾನೆ ತನ್ನ ಖಾತೆಗೆ ಬರೆದುಕೊಳ್ಳಲಿ, ಉತಾರಾಕ್ಕೆ ಮುಟ್ಟಿಸಬಾರದು. ಹೆಚ್ಚಾದರೆ ಅದು ಎರಡೂ ಕಡೆಯವರ ಲಾಭ.

ಹಲಗೆ ಮರಾಠಿಯಲ್ಲಿರಲಿ, ಅದು ರಾಜ್ಯಭಾಷೆ. ಕೆಳಗೆ ಕನ್ನಡದಲ್ಲೂ ಇರಲಿ. ನಾಗಣಸೂರ, ಜೇವೂರ, ತಡವಳ, ಕರಜಗಿ ಕಡೆಯ ಹಿರಿಯರು ಬಜಾರದ ಮರಾಠಿ ಸಲೀಸಾಗಿ ಆಡುತ್ತಾರೆ. ಆದರೆ 'ಆಸವನಿ', 'ಕಿಣ್ವನ ಕಾರ್ಯಕ್ಷಮತಾ' ಎಂದು ಅಹವಾಲಿನಲ್ಲಿ ಬರೆದದ್ದನ್ನು ಓದಿ ಪ್ರಶ್ನೆ ಕೇಳುವುದು ಬೇರೆ ಮಾತು. ಮರಾಠಿ ಮನೆಮಾತಿನ ರೈತರಿಗೂ ಆ ಶಬ್ದಗಳು ಅಷ್ಟಕ್ಕಷ್ಟೇ, ಈ ವಿಷಯದಲ್ಲಿ ಎರಡೂ ಭಾಷೆಯವರು ಒಂದೇ ಗಾಡಿಯಲ್ಲಿದ್ದಾರೆ. ಶಾಲೆ ಮುಗಿಸಿ ಬಿಎಸ್ಸಿ ರಸಾಯನಶಾಸ್ತ್ರಕ್ಕೆ ಸೇರಿದ ಹುಡುಗ-ಹುಡುಗಿಯರು ಈ ಊರುಗಳಲ್ಲಿ ಈಗ ಇದ್ದಾರೆ. ಪುಣೆ ಹತ್ತಿರದ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್‌ನಲ್ಲಿ ಈ ವಿದ್ಯೆಯನ್ನೇ ಕಲಿಸುತ್ತಾರೆ, ಸಕ್ಕರೆ ತಂತ್ರಕ್ಕೆ ಬೆಳಗಾವಿಯಲ್ಲಿ ನಿಜಲಿಂಗಪ್ಪ ಸಂಸ್ಥೆಯಿದೆ. ಊರಿನ ಹುಡುಗಿಯೊಬ್ಬಳು ಪ್ರಯೋಗಶಾಲೆಯಲ್ಲಿ ಕೂತರೆ ಅಂಕಿ ಮುಚ್ಚಿಡುವುದು ಅರ್ಧ ಕಷ್ಟವಾಗುತ್ತದೆ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ ₹3,500 ಕೇಳಿ ರಸ್ತೆಯಲ್ಲಿ ಕೂತಾಗ ಗಡಿಯ ಈಚೆಗಿನವರೂ ಟಿವಿ ಮುಂದಿನಿಂದ ಏಳಲಿಲ್ಲ. ದರಕ್ಕಾಗಿ ಹೋರಾಟ ಆಗಲೇಬೇಕು. ಅದಕ್ಕೆ ಮೊದಲು ಕಾರಖಾನೆಯ ಸರ್ವಸಾಧಾರಣ ಸಭೆಯಲ್ಲಿ ಚಹ-ಚೂಡಾ ಬರುವ ಮುಂಚೆ ಒಬ್ಬ ಸಭಾಸದನಾದರೂ ಎದ್ದು ನಿಂತು, ಟನ್ ಸಕ್ಕರೆಗೆ ಎಷ್ಟು ಲೀಟರ್ ಬಂತು, ಡಿಸ್ಟಿಲರಿಗೆ ಕಾಕಂಬಿ ಯಾವ ದರಕ್ಕೆ ಕೊಟ್ಟಿರಿ ಎಂದು ಕೇಳಲಿ. ಉತ್ತರವನ್ನು ಸಭೆಯ ವೃತ್ತಾಂತದಲ್ಲಿ ಬರೆಸಿಕೊಳ್ಳಲಿ.